ಹತ್ತು ಪೇಪರ್, ಒಂದು ಮುತ್ತು

2020ರ ಫೆಬ್ರವರಿಯಲ್ಲಿ ಜೋಸೆಫ್ ರೆಡ್ಮನ್ ಎಂಬ ಅಮೆರಿಕದ ಸಂಶೋಧಕರು ಟ್ವಿಟರ್‌ನಲ್ಲಿ ಒಂದು ಮಾತು ಬರೆದರು. ಕಂಪ್ಯೂಟರ್ ವಿಷನ್ ಸಂಶೋಧನೆಯನ್ನು ತಾನು ನಿಲ್ಲಿಸಿದ್ದೇನೆ. ಕೆಲಸವೇನೋ ಇಷ್ಟವೇ, ಆದರೆ ಅದು ಸೈನ್ಯದ ಕೈಗೆ ಹೋಗುತ್ತಿರುವುದನ್ನೂ ಜನರ ಖಾಸಗಿ ಬದುಕಿನೊಳಗೆ ಇಣುಕುತ್ತಿರುವುದನ್ನೂ ಕಂಡೂ ಕಾಣದಂತಿರಲು ಇನ್ನು ಆಗದು ಎಂಬುದು ಅದರ ಸಾರ. ಹಾಗೆ ಹೇಳಿದವರು ಆ ಕ್ಷೇತ್ರದಲ್ಲಿ ಸೋತವರಲ್ಲ. ಫೋಟೋದಲ್ಲಿ ಕಾರು ಎಲ್ಲಿದೆ, ನಾಯಿ ಎಲ್ಲಿದೆ, ಮನುಷ್ಯ ಎಲ್ಲಿದ್ದಾನೆ ಎಂದು ಯಂತ್ರಕ್ಕೆ ಗುರುತಿಸಲು ಕಲಿಸಿದ 'ಯೋಲೋ' ವಿಧಾನದ ಮೊದಲ ಕರ್ತೃ ಅವರೇ. ಹೆಲ್ಮೆಟ್ ಹಾಕದ ಸವಾರರನ್ನು ಹಿಡಿಯುವುದರಿಂದ ಹಿಡಿದು ನಂಬರ್ ಪ್ಲೇಟ್ ಓದುವವರೆಗೆ ನಮ್ಮ ಇಂಜಿನಿಯರಿಂಗ್ ಕಾಲೇಜುಗಳ ಕೊನೆಯ ವರ್ಷದ ಪ್ರಾಜೆಕ್ಟ್‌ಗಳಲ್ಲಿ ಅದರ ಯಾವುದಾದರೊಂದು ಆವೃತ್ತಿ ಕೆಲಸ ಮಾಡುತ್ತಿರುತ್ತದೆ.

ಸಾಹಿತ್ಯದ ಪತ್ರಿಕೆಯಲ್ಲಿ ಈ ಕಥೆ ಯಾಕೆ ಎಂದು ಕೇಳಬಹುದು. ವಿದ್ವತ್ತನ್ನು ಎಣಿಸುವ ಚಟ ಈಗ ವಿಜ್ಞಾನ ವಿಭಾಗಗಳ ಗೋಡೆ ದಾಟಿ ಕನ್ನಡ ಅಧ್ಯಯನ ವಿಭಾಗದ ಮೇಜಿನ ಮೇಲೂ ಕೂತಿದೆ. ಎಣಿಕೆ ಅತಿ ಜೋರಾಗಿರುವ ಜಾಗದಲ್ಲಿ ಅದು ಏನನ್ನು ಕಾಣುತ್ತದೆ, ಏನನ್ನು ಕಾಣುವುದಿಲ್ಲ ಎಂದು ನೋಡಿದರೆ ನಮ್ಮ ಅಂಗಳದ ರೋಗವೂ ಅರ್ಥವಾಗುತ್ತದೆ. ನನ್ನ ವಾದ ಇಷ್ಟೇ: ಒಬ್ಬ ವಿದ್ವಾಂಸನ ಪ್ರಕಟಣೆಗಳ ಪಟ್ಟಿಯನ್ನು ಎಣಿಸಿ ಅವನ ಬೆಲೆ ಕಟ್ಟುವುದು ಓದುವ ಕೆಲಸದಿಂದ ತಪ್ಪಿಸಿಕೊಳ್ಳುವ ಉಪಾಯ. ಅದಕ್ಕೆ ವಸ್ತುನಿಷ್ಠತೆ ಎಂದು ಹೆಸರಿಟ್ಟುಕೊಂಡಿದ್ದೇವೆ.

ರೆಡ್ಮನ್ ಅವರ ಪಟ್ಟಿಯನ್ನೇ ತೆಗೆದುಕೊಳ್ಳಿ. ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿ ಮಾಡುವಾಗ ಬರೆದ ಬೆರಳೆಣಿಕೆಯಷ್ಟು ಪೇಪರ್‌ಗಳು. ಅದರಲ್ಲಿ ಮುಖ್ಯವಾದುದು 2016ರಲ್ಲಿ ಅಮೆರಿಕದ ಲಾಸ್ ವೇಗಾಸ್‌ನಲ್ಲಿ ನಡೆದ ಸಿವಿಪಿಆರ್ ಸಮ್ಮೇಳನದ ಪೇಪರ್. ಅದಕ್ಕೂ ಮೊದಲಿನ ಒಂದು ಪ್ರಸಿದ್ಧ ವಿಧಾನ ಒಂದೇ ಚಿತ್ರದಿಂದ ಸುಮಾರು 2,000 ತುಂಡುಗಳನ್ನು ಆಯ್ದು, ಪ್ರತಿಯೊಂದನ್ನೂ ಬೇರೆ ಬೇರೆಯಾಗಿ ನೋಡಿ 'ಇದು ಏನಿರಬಹುದು' ಎಂದು ಕೇಳುತ್ತಿತ್ತು. ಯೋಲೋ ಇಡೀ ಚಿತ್ರವನ್ನು 7 ಅಡ್ಡ 7 ಉದ್ದದ ಮನೆಗಳಾಗಿ ಹಂಚಿ ಒಂದೇ ನೋಟಕ್ಕೆ ಎಲ್ಲವನ್ನೂ ಹೇಳಿಬಿಡುತ್ತಿತ್ತು. ಸೆಕೆಂಡಿಗೆ 45 ಚಿತ್ರಗಳನ್ನು ನೋಡುವ ವೇಗ ಅದಕ್ಕೆ ಬಂತು. ಓಡುವ ವಿಡಿಯೋವನ್ನು ಯಂತ್ರ ಆಗಿಂದಾಗಲೇ ಓದುವುದು ಸಾಧ್ಯವಾಯಿತು.

ಈಗ ಯುಜಿಸಿಯ 2018ರ ನಿಯಮಾವಳಿಯನ್ನು ಪಕ್ಕದಲ್ಲಿಟ್ಟು ಅಂಕ ಹಾಕೋಣ. ಆ ನಿಯಮದ ಕೋಷ್ಟಕದಲ್ಲಿ ವಿಜ್ಞಾನ ಮತ್ತು ಇಂಜಿನಿಯರಿಂಗ್ ವಿಭಾಗದ ಒಂದು ಜರ್ನಲ್ ಲೇಖನಕ್ಕೆ ಮೂಲ ಅಂಕ 8. ವಿದೇಶದಲ್ಲಿ ನಡೆದ ಅಂತರರಾಷ್ಟ್ರೀಯ ಸಮ್ಮೇಳನದ ಪ್ರಬಂಧಕ್ಕೆ 7. ಕಂಪ್ಯೂಟರ್ ವಿಷನ್‌ನಲ್ಲಿ ಜರ್ನಲ್‌ಗಳಿಗಿಂತ ಸಮ್ಮೇಳನಗಳೇ ಹೆಚ್ಚು ಕಠಿಣ, ಹೆಚ್ಚು ಮುಖ್ಯ ಎಂಬುದು ಆ ಕ್ಷೇತ್ರದ ಎಲ್ಲರಿಗೂ ಗೊತ್ತು, ಕೋಷ್ಟಕಕ್ಕೆ ಗೊತ್ತಿಲ್ಲ. ಹಾಗಾಗಿ ನಮ್ಮ ಕಾಲೇಜಿನ ಅಧ್ಯಾಪಕರೊಬ್ಬರು ಯೋಲೋ ಬರೆದಿದ್ದರೆ, ಯಾರೂ ಓದದ ಜರ್ನಲ್ ಒಂದರಲ್ಲಿ ಹಾಕಿಸಿದ ಆರು ಪುಟಕ್ಕಿಂತ ಅದು ಒಂದು ಅಂಕ ಕಡಿಮೆಯ ಕೆಲಸವಾಗುತ್ತಿತ್ತು.

ಇನ್ನೂ ತಮಾಷೆಯಾದ್ದು ಮೂರನೆಯ ಆವೃತ್ತಿಯ ಕಥೆ. 2018ರಲ್ಲಿ ಬಂದ ಆ ಬರಹ ಯಾವ ಜರ್ನಲ್‌ನಲ್ಲೂ ಯಾವ ಸಮ್ಮೇಳನದಲ್ಲೂ ಪ್ರಕಟವಾಗಲಿಲ್ಲ. ಆರ್ಕೈವ್ ಎಂಬ ಮುಕ್ತ ತಾಣದಲ್ಲಿ ಒಂದು ತಾಂತ್ರಿಕ ವರದಿಯಾಗಿ ಕೂತಿತು, ಅಷ್ಟೇ. ಈ ವರ್ಷ ನಾನು ಹೆಚ್ಚೇನೂ ಸಂಶೋಧನೆ ಮಾಡಲಿಲ್ಲ, ಟ್ವಿಟರ್‌ನಲ್ಲಿ ಕಾಲ ಕಳೆದೆ ಎಂಬ ಧಾಟಿಯಲ್ಲಿ ಅದು ಶುರುವಾಗುತ್ತದೆ. ನಡುವೆ 'ನಾವು ಪ್ರಯತ್ನಿಸಿದ, ಫಲ ಕೊಡದ ಸಂಗತಿಗಳು' ಎಂಬರ್ಥದ ಒಂದು ಭಾಗವೇ ಇದೆ. ಕೊನೆಯಲ್ಲಿ ಈ ಯಂತ್ರದ ಕಣ್ಣನ್ನು ಯಾರು ಯಾತಕ್ಕೆ ಬಳಸುತ್ತಾರೆ ಎಂಬ ನೇರ ಪ್ರಶ್ನೆಯಿದೆ. ದೊಡ್ಡ ಕಂಪನಿಗಳ ಹೆಸರೂ ಸೈನ್ಯದ ಹೆಸರೂ ಅಲ್ಲಿ ಬರುತ್ತವೆ. ಅಭಯಾರಣ್ಯದ ಜೀಬ್ರಾಗಳನ್ನು ಎಣಿಸುವಂಥ ಒಳ್ಳೆಯ ಕೆಲಸಕ್ಕೆ ಜನ ಇದನ್ನು ಬಳಸುತ್ತಾರೆಂಬ ಆಸೆಯೂ ಬರುತ್ತದೆ. ಹತ್ತಾರು ಸಾವಿರ ಪೇಪರ್‌ಗಳು ಈ ಬರಹವನ್ನು ಉಲ್ಲೇಖಿಸಿವೆ. ನಮ್ಮ ಕೋಷ್ಟಕದಲ್ಲಿ ಇದಕ್ಕೆ ಸಿಗುವ ಅಂಕ ಸೊನ್ನೆ.

ಸೋಲನ್ನು ಒಪ್ಪಿ ಬರೆಯುವುದು, ತನ್ನ ಕೆಲಸದ ಪರಿಣಾಮ ನೋಡಿ ನಿಲ್ಲಿಸುವುದು: ವಿದ್ವತ್ತಿನ ಬದುಕಿನಲ್ಲಿ ಇವೆರಡಕ್ಕೂ ಧೈರ್ಯ ಬೇಕು. ಯಾವ ಪಟ್ಟಿಯಲ್ಲಾದರೂ ಇವಕ್ಕೊಂದು ಕಾಲಂ ಇದೆಯೇ? ರೆಡ್ಮನ್ ನಿಲ್ಲಿಸಿದ ಎರಡೇ ತಿಂಗಳಿಗೆ ಬೇರೆಯವರ ಕೈಯಿಂದ ನಾಲ್ಕನೆಯ ಆವೃತ್ತಿ ಬಂತು, ಆಮೇಲೆ ಐದು, ಆರು, ಏಳು. ಕ್ಷೇತ್ರ ಬಿಟ್ಟು ಹೋದವರ ಲೆಕ್ಕದಲ್ಲಿ ಉಲ್ಲೇಖಗಳ ಮೀಟರ್ ಮಾತ್ರ ಓಡುತ್ತಲೇ ಇದೆ. ಅವರು 'ಬೇಡ' ಎಂದದ್ದರ ಮೇಲೆ ಬರೆದ ಪೇಪರ್ ಕೂಡ ಅವರ ಕೀರ್ತಿಗೇ ಜಮಾ ಆಗುತ್ತದೆ. ಎಣಿಕೆಗೆ ಹೌದು ಮತ್ತು ಅಲ್ಲಗಳ ವ್ಯತ್ಯಾಸ ತಿಳಿಯದು. ಹೊಗಳಿ ಉಲ್ಲೇಖಿಸಿದರೂ ಒಂದು, ತಪ್ಪೆಂದು ಉಲ್ಲೇಖಿಸಿದರೂ ಒಂದು.

ಇದು ಒಬ್ಬರ ಕಥೆ, ಅಪವಾದ ಎನ್ನುವವರಿಗೆ ಇನ್ನಿಬ್ಬರನ್ನು ತೋರಿಸುತ್ತೇನೆ. ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ಡೇವಿಡ್ ಲೋ, ಒಂದು ವಸ್ತುವನ್ನು ಹತ್ತಿರದಿಂದ ತೆಗೆದರೂ ದೂರದಿಂದ ತೆಗೆದರೂ ಓರೆಯಾಗಿ ತೆಗೆದರೂ ಅದೇ ಗುರುತುಬಿಂದುಗಳನ್ನು ಮತ್ತೆ ಕಂಡುಹಿಡಿಯುವ 'ಸಿಫ್ಟ್' ಎಂಬ ವಿಧಾನ ರೂಪಿಸಿದರು. ಅದರ ಮೊದಲ ರೂಪಗಳನ್ನು 1997–98ರ ಸುಮಾರಿಗೆ ಕ್ಷೇತ್ರದ ಎರಡು ದೊಡ್ಡ ಸಮ್ಮೇಳನಗಳು ತಿರಸ್ಕರಿಸಿದವು. 1999ರಲ್ಲಿ ಅದು ಬೆಳಕು ಕಂಡಿತು, 2004ರಲ್ಲಿ ಪೂರ್ಣ ರೂಪದಲ್ಲಿ ಜರ್ನಲ್‌ಗೆ ಬಂತು. ಮುಂದೆ ಸುಮಾರು ಒಂದು ದಶಕ ಕಂಪ್ಯೂಟರ್ ವಿಷನ್ ಅದರ ಹೆಗಲ ಮೇಲೇ ನಿಂತಿತ್ತು. ಹಲವು ಫೋಟೋಗಳನ್ನು ಹೊಲಿದು ಒಂದು ಅಗಲ ಚಿತ್ರ ಮಾಡುವ ಕೆಲಸಕ್ಕೂ ಅದೇ ದಾರಿ ಮಾಡಿಕೊಟ್ಟಿತು.

ಜಪಾನಿನ ಕುನಿಹಿಕೊ ಫುಕುಶಿಮಾ ಅವರದು ಇನ್ನೂ ದೀರ್ಘ ಕಾಯುವಿಕೆ. ಎನ್‌ಎಚ್‌ಕೆ ಪ್ರಸಾರ ಸಂಸ್ಥೆಯ ಪ್ರಯೋಗಾಲಯದಲ್ಲಿದ್ದು, ಪ್ರಾಣಿಗಳ ಮೆದುಳು ನೋಡುವ ಕ್ರಮದಿಂದ ಪ್ರೇರಣೆ ಪಡೆದು, ಪದರ ಪದರವಾಗಿ ಅಕ್ಷರ ಗುರುತಿಸುವ 'ನಿಯೋಕಾಗ್ನಿಟ್ರಾನ್' ಎಂಬ ಜಾಲವನ್ನು ಅವರು 1980ರಲ್ಲಿ ಪ್ರಕಟಿಸಿದರು. ಇಂದು ಚಿತ್ರ ಗುರುತಿಸುವ ಕನ್ವಲ್ಯೂಷನ್ ಜಾಲಗಳ ವಂಶವೃಕ್ಷದ ಬೇರು ಅಲ್ಲಿದೆ. ಆ ವಂಶದ ಕುಡಿಯೊಂದು ಇಮೇಜ್‌ನೆಟ್ ಸ್ಪರ್ಧೆಯಲ್ಲಿ ಎರಡನೆಯ ಸ್ಥಾನದವರ ಶೇ. 26.2 ತಪ್ಪುಗಳ ಎದುರು ಶೇ. 15.3 ತಪ್ಪುಗಳಿಂದ ಗೆದ್ದು ಜಗತ್ತಿನ ಕಣ್ಣು ಕುಕ್ಕಿದ್ದು 2012ರಲ್ಲಿ. ನಡುವೆ 32 ವರ್ಷ! ಜರ್ನಲ್‌ಗಳ 'ಇಂಪ್ಯಾಕ್ಟ್ ಫ್ಯಾಕ್ಟರ್' ಹಿಂದಿನ ಎರಡು ವರ್ಷದ ಲೇಖನಗಳ ಉಲ್ಲೇಖವನ್ನಷ್ಟೇ ಲೆಕ್ಕ ಹಾಕುತ್ತದೆ. ತೆಂಗಿನ ಸಸಿಯ ಬೆಲೆಯನ್ನು ಎರಡನೆಯ ವರ್ಷದ ಫಸಲಿನಿಂದ ಕಟ್ಟಿದ ಹಾಗೆ.

ಪರವಾಗಿಲ್ಲ, ಪರಿಣತರು ಪರಿಶೀಲಿಸಿಯೇ ತಾನೆ ಪೇಪರ್ ಪ್ರಕಟವಾಗುವುದು, ಆ ಜರಡಿ ಸಾಕಲ್ಲವೇ ಎಂಬ ಸಮಾಧಾನ ಒಂದುಂಟು. ಆ ಜರಡಿಯನ್ನೇ ಪರೀಕ್ಷೆಗೆ ಇಟ್ಟವರಿದ್ದಾರೆ. ಪಕ್ಕದ ಕ್ಷೇತ್ರವಾದ ಮಷೀನ್ ಲರ್ನಿಂಗ್‌ನ ನ್ಯೂರಿಪ್ಸ್ ಸಮ್ಮೇಳನ 2014ರಲ್ಲಿ ತನಗೆ ಬಂದ ಪೇಪರ್‌ಗಳಲ್ಲಿ ಶೇ. 10ರಷ್ಟನ್ನು, ಅಂದರೆ 166 ಪೇಪರ್‌ಗಳನ್ನು, ಒಂದಕ್ಕೊಂದು ಗೊತ್ತಿಲ್ಲದಂತೆ ಎರಡು ಸಮಿತಿಗಳಿಗೆ ಕೊಟ್ಟಿತು. ಸುಮಾರು ಕಾಲು ಭಾಗದ ಪೇಪರ್‌ಗಳಲ್ಲಿ ಸಮಿತಿಗಳ ತೀರ್ಪು ಬೇರೆ ಬೇರೆಯಾಯಿತು. ಒಂದು ಸಮಿತಿ ಒಪ್ಪಿದ ಪೇಪರ್‌ಗಳಲ್ಲಿ ಅರ್ಧಕ್ಕೂ ಹೆಚ್ಚನ್ನು ಇನ್ನೊಂದು ಸಮಿತಿ ತಿರಸ್ಕರಿಸಿತ್ತು. 2021ರಲ್ಲಿ ಮತ್ತೆ ಪರೀಕ್ಷಿಸಿದಾಗಲೂ ಹೆಚ್ಚೇನೂ ಬದಲಾಗಿರಲಿಲ್ಲ. ತೀರಾ ಒಳ್ಳೆಯದು, ತೀರಾ ಕೆಟ್ಟದ್ದು ಎಲ್ಲರಿಗೂ ಕಾಣುತ್ತದೆ. ನಡುವಿನ ದೊಡ್ಡ ರಾಶಿಯ ಹಣೆಬರಹ ಯಾರ ಕೈಗೆ ಬಿತ್ತು ಎಂಬುದರ ಮೇಲಿದೆ. ಹೀಗೆ ಅರ್ಧ ಅದೃಷ್ಟದಿಂದ ಕೂಡಿದ ಪಟ್ಟಿಯ ಮೇಲೆ ದಶಮಾಂಶದ ಲೆಕ್ಕದಲ್ಲಿ ಬಡ್ತಿ ಕೊಡುತ್ತೇವೆ.

ಇಷ್ಟಾಗಿ ರಾಶಿಯೋ ಬೆಳೆಯುತ್ತಲೇ ಇದೆ. 2016ರಲ್ಲಿ ಸಿವಿಪಿಆರ್‌ಗೆ ಬಂದ ಪೇಪರ್‌ಗಳು 2,145, ಆಯ್ಕೆಯಾದವು 643. 2024ರಲ್ಲಿ ಬಂದವು 11,532, ಆಯ್ಕೆಯಾದವು 2,719. ದಿನಕ್ಕೆ ಏಳು ಪೇಪರ್ ಓದಿದರೂ ಒಂದೇ ಸಮ್ಮೇಳನದ ಒಂದು ವರ್ಷದ ಬೆಳೆ ಮುಗಿಸಲು ವರ್ಷ ಸಾಲದು. ಯಾರೂ ಓದಲಾಗದಷ್ಟು ಬರೆದಾಗ ಉಳಿಯುವ ಒಂದೇ ದಾರಿ ಎಣಿಸುವುದು. ಎಣಿಸುತ್ತಾರೆಂದು ಗೊತ್ತಾದಾಗ ಇನ್ನಷ್ಟು ಬರೆಯುತ್ತಾರೆ. ಇದು ತಾನೇ ತಿರುಗುವ ಗಾಣ. ಎಣ್ಣೆ ಮಾತ್ರ ಬರುತ್ತಿಲ್ಲ.

ಗಾಣದ ಹಿಂಡಿ ಹೇಗಿರುತ್ತದೆಂದು ನೋಡಬೇಕಾದರೆ ನಮಗೆ ಹತ್ತಿರದ ಎಲೆರೋಗದ ಉದಾಹರಣೆಗೆ ಬನ್ನಿ. ಎಲೆಯ ಫೋಟೋ ನೋಡಿ ಬೆಳೆಯ ರೋಗ ಹೇಳುವ ಯಂತ್ರ ರೈತರಿಗೆ ನಿಜಕ್ಕೂ ಬೇಕು. 2016ರಲ್ಲಿ ಮೊಹಾಂತಿ, ಹ್ಯೂಸ್, ಸಲಾಥೆ ಎಂಬ ಮೂವರು 'ಪ್ಲಾಂಟ್‌ವಿಲೇಜ್' ಸಂಗ್ರಹದ 54,306 ಎಲೆಗಳ ಚಿತ್ರಗಳ ಮೇಲೆ ಯಂತ್ರವನ್ನು ಪಳಗಿಸಿ ಶೇ. 99.35 ನಿಖರತೆ ಪಡೆದರು. ಆದರೆ ಅವರು ಪ್ರಾಮಾಣಿಕರು. ಬೇರೆ ಸನ್ನಿವೇಶದಲ್ಲಿ ತೆಗೆದ ಚಿತ್ರಗಳನ್ನು ಕೊಟ್ಟಾಗ ಅದು ಶೇ. 31.4ಕ್ಕೆ ಕುಸಿಯಿತು ಎಂದೂ ಅದೇ ಪೇಪರ್‌ನಲ್ಲಿ ಬರೆದರು. ಆ ಸಂಗ್ರಹದ ಎಲೆಗಳೆಲ್ಲ ಕಿತ್ತು ತಂದು, ಏಕಬಣ್ಣದ ಹಿನ್ನೆಲೆಯ ಮೇಲಿಟ್ಟು ತೆಗೆದವು. ಹೊಲದ ಎಲೆಗೆ ಮಣ್ಣು ಮೆತ್ತಿರುತ್ತದೆ, ನೆರಳು ಬಿದ್ದಿರುತ್ತದೆ, ಹಿಂದೆ ಇನ್ನೂ ಇಪ್ಪತ್ತು ಎಲೆ ಇರುತ್ತವೆ.

ಮುಂದೆ ಆದದ್ದೇನು? ಆ 31.4ರ ಬೆನ್ನು ಹತ್ತಬೇಕಿತ್ತು. ಬಹುಪಾಲು ಜನ 99.35ರ ಬೆನ್ನು ಹತ್ತಿದರು. ಅದೇ ಸಂಗ್ರಹ, ಸ್ವಲ್ಪ ಬೇರೆ ಜಾಲ, ದಶಮಾಂಶದಲ್ಲಿ ಒಂದಿಷ್ಟು ಏರಿಕೆ, ಒಂದು ಪೇಪರ್. 2022ರ ಒಂದು ಅಧ್ಯಯನ ಆ ಚಿತ್ರಗಳ ಹಿನ್ನೆಲೆಯ ಬರೀ 8 ಪಿಕ್ಸೆಲ್‌ಗಳನ್ನು ಯಂತ್ರಕ್ಕೆ ಕೊಟ್ಟು ನೋಡಿತು. ಎಲೆಯನ್ನು ತೋರಿಸಲೇ ಇಲ್ಲ. ಆದರೂ ಯಂತ್ರ ಶೇ. 49ರಷ್ಟು ಸರಿಯುತ್ತರ ಹೇಳಿತು. ಕಣ್ಣು ಮುಚ್ಚಿ ಊಹಿಸಿದ್ದರೆ ಬರುತ್ತಿದ್ದುದು ಶೇ. 2.6. ಎಲೆಯ ಕೆಳಗಿದ್ದ ಹಾಳೆಯ ಬಣ್ಣ, ಬೆಳಕುಗಳೇ ಉತ್ತರವನ್ನು ಬಿಟ್ಟುಕೊಡುತ್ತಿದ್ದವು. ಹಾಗಾದರೆ ಆ ಪೇಪರ್‌ಗಳ ರಾಶಿ ರೋಗವನ್ನು ಓದಿತ್ತೋ, ಹಾಳೆಯನ್ನೋ? ಅಡಿಕೆ ಕೊಳೆಯುತ್ತಿರುವ ತೋಟದಲ್ಲಿ ನಿಂತವರಿಗೆ ಈ ಪ್ರಶ್ನೆ ತಮಾಷೆಯದಲ್ಲ. ಹೊಲಕ್ಕೆ ಹೋಗಿ ಒಂದು ವರ್ಷ ಮಳೆ ಬಿಸಿಲಿನಲ್ಲಿ ಚಿತ್ರ ತೆಗೆದು ಶೇ. 60 ತಲುಪುವವರಿಗೆ ಸಿಗುವುದು ಒಂದು ಪೇಪರ್. ಕೋಣೆಯಲ್ಲಿ ಕೂತು ಶೇ. 99ನ್ನು 99.5 ಮಾಡುವವರಿಗೆ ಅದೇ ವರ್ಷದಲ್ಲಿ ನಾಲ್ಕು. ಹಿರಿಯರು 'ಹತ್ತು ಕಟ್ಟುವ ಕಡೆ ಒಂದು ಮುತ್ತು ಕಟ್ಟು' ಎಂದದ್ದನ್ನು ನಮ್ಮ ನಿಯಮಾವಳಿ ತಿರುಗಿಸಿ ಬರೆದಿದೆ.

ಬರೆಯಲೂ ಪುರುಸೊತ್ತಿಲ್ಲದವರು ಕೊಳ್ಳುತ್ತಾರೆ. 2021ರಲ್ಲಿ ಗಿಯೋಮ್ ಕಬನಾಕ್ ಮತ್ತು ಸಂಗಡಿಗರು ಜರ್ನಲ್‌ಗಳಲ್ಲಿ ವಿಚಿತ್ರ ಪದಗಳನ್ನು ಕಂಡು ಅವುಗಳ ಜಾಡು ಹಿಡಿದರು. ಆರ್ಟಿಫಿಷಿಯಲ್ ಇಂಟೆಲಿಜೆನ್ಸ್ ಇರಬೇಕಾದಲ್ಲಿ 'ಕೌಂಟರ್‌ಫೀಟ್ ಕಾನ್ಷಿಯಸ್‌ನೆಸ್', ಎಂದರೆ ಖೋಟಾ ಪ್ರಜ್ಞೆ. ಡೀಪ್ ನ್ಯೂರಲ್ ನೆಟ್‌ವರ್ಕ್ ಇರಬೇಕಾದಲ್ಲಿ 'ಪ್ರೊಫೌಂಡ್ ನ್ಯೂರಲ್ ಆರ್ಗನೈಸೇಷನ್', ಎಂದರೆ ಗಹನವಾದ ನರಸಂಘಟನೆ. ಕದ್ದ ಪಠ್ಯವನ್ನು ಕಳವು ಪತ್ತೆಯಾಗದಿರಲೆಂದು ಪದ ಬದಲಿಸುವ ಸಾಫ್ಟ್‌ವೇರ್‌ಗೆ ಹಾಕಿ ತೆಗೆದದ್ದರ ಗುರುತು ಅದು. 'ಚಿತ್ರಹಿಂಸೆಗೊಳಗಾದ ನುಡಿಗಟ್ಟುಗಳು' ಎಂಬರ್ಥದ ಹೆಸರನ್ನು ಅವರು ಅದಕ್ಕೆ ಕೊಟ್ಟರು. ಭಾಷೆಯ ವಿದ್ಯಾರ್ಥಿಗಳು ಒಂದು ಕ್ಷಣ ಇಲ್ಲಿ ನಿಲ್ಲಬೇಕು. ಆ ಲೇಖನಗಳು ಪ್ರಕಟವಾಗಿದ್ದವು. ಅಂದರೆ ಲೇಖಕ, ಸಹಲೇಖಕ, ಪರಿಶೀಲಕ, ಸಂಪಾದಕ, ಈ ಸಾಲಿನಲ್ಲಿ ಒಬ್ಬರೂ ವಾಕ್ಯವನ್ನು ವಾಕ್ಯವಾಗಿ ಓದಿರಲಿಲ್ಲ. ಕೊನೆಗೂ ಅವನ್ನು ಹಿಡಿದದ್ದು ಓದುವ ಕಣ್ಣೇ. 2023ರಲ್ಲಿ ವೈಲಿ ಪ್ರಕಾಶನ ತನ್ನ ಹಿಂದಾವಿ ಶಾಖೆಯ 8,000ಕ್ಕೂ ಹೆಚ್ಚು ಲೇಖನಗಳನ್ನು ಹಿಂದೆಗೆದುಕೊಂಡಿತು, ನಾಲ್ಕು ಜರ್ನಲ್‌ಗಳನ್ನು ಮುಚ್ಚಿತು. ಹಾಗೆ ಮುಚ್ಚಿದವುಗಳಲ್ಲಿ ಯಂತ್ರಬುದ್ಧಿಯ ಲೇಖನಗಳನ್ನು ಮೂಟೆಗಟ್ಟಲೆ ಪ್ರಕಟಿಸುತ್ತಿದ್ದ ಜರ್ನಲ್ ಒಂದೂ ಇತ್ತು. ನಮ್ಮಲ್ಲಿ ಯುಜಿಸಿ 2018ರಲ್ಲಿ ತನ್ನದೇ ಪಟ್ಟಿಯಿಂದ 4,305 ಜರ್ನಲ್‌ಗಳನ್ನು ಕಿತ್ತುಹಾಕಬೇಕಾಯಿತು. ಅಲ್ಲಿಯವರೆಗೆ ಅವುಗಳಿಂದ ಗಳಿಸಿದ ಅಂಕಗಳು, ಬಡ್ತಿಗಳು ಮಾತ್ರ ಎಲ್ಲಿದ್ದವೋ ಅಲ್ಲೇ ಇವೆ.

ಈಗ ಕನ್ನಡದ ಮೇಜಿಗೆ. ಅದೇ 2018ರ ಕೋಷ್ಟಕದಲ್ಲಿ ಭಾಷೆ, ಮಾನವಿಕಗಳ ಸಂಶೋಧನಾ ಲೇಖನಕ್ಕೆ 10 ಅಂಕ. ಒಂದು ಇಡೀ ಪುಸ್ತಕದ ಅನುವಾದಕ್ಕೆ 8. ಇನ್ನೊಮ್ಮೆ ಓದಿ. ರಷ್ಯನ್ ಕಾದಂಬರಿಯೊಂದನ್ನೋ ತಮಿಳಿನ ಪ್ರಾಚೀನ ಕಾವ್ಯವೊಂದನ್ನೋ ಮೂರು ವರ್ಷ ಕೂತು ಕನ್ನಡಕ್ಕೆ ತಂದ ಅಧ್ಯಾಪಕಿ, 'ಸಮಕಾಲೀನ ಕಾವ್ಯದಲ್ಲಿ ಸ್ತ್ರೀ ಸಂವೇದನೆ' ಎಂಬ ಐದು ಪುಟವನ್ನು ಶುಲ್ಕ ಕಟ್ಟಿ ಹಾಕಿಸಿದವರಿಗಿಂತ ಎರಡು ಅಂಕ ಹಿಂದೆ. ಹೊಸಗನ್ನಡ ಕಟ್ಟಿದವರಲ್ಲಿ ಎಷ್ಟೋ ಮಂದಿ ಅನುವಾದದಿಂದ ಕಟ್ಟಿದರು; ನಿಘಂಟು, ಗ್ರಂಥಸಂಪಾದನೆ, ಶಾಸನಗಳ ಓದಿನಿಂದ ಕಟ್ಟಿದರು. ಒಂದು ಓಲೆಗರಿ ಪ್ರತಿಯ ಒಂದು ಅಕ್ಷರ ಸರಿಯಾಗಲು ವಾರ ಬೇಕಾಗುವ ಕೆಲಸವದು. ಈ ಕೋಷ್ಟಕದ ಎದುರು ಅವರನ್ನು ನಿಲ್ಲಿಸಿದರೆ ಎಷ್ಟು ಜನ ಸಹ ಪ್ರಾಧ್ಯಾಪಕರಾದಾರು?

ನನ್ನ ವಾದಕ್ಕಿರುವ ಅತಿ ಗಟ್ಟಿ ಆಕ್ಷೇಪ ಇನ್ನೂ ಬಾಕಿಯಿದೆ. ಅಂಕಿ ತೆಗೆದರೆ ಸಂದರ್ಶನದ ಕೋಣೆಯಲ್ಲಿ ಗೆಲ್ಲುವುದು ಯಾರು? ಜಾತಿ, ವಶೀಲಿ, ಮಠ, ಪಕ್ಷ, ಗುರುವಿನ ಕೃಪೆ. ಬೆನ್ನ ಹಿಂದೆ ಯಾರೂ ಇಲ್ಲದ ಹುಡುಗಿಗೆ ತನ್ನ ಅಂಕವೊಂದೇ ಗುರಾಣಿ. ಇದು ಸುಳ್ಳಲ್ಲ, ಈ ನಾಡಿನ ಸಂದರ್ಶನಗಳ ಚರಿತ್ರೆ ಗೊತ್ತಿರುವ ಯಾರೂ ಇದನ್ನು ತಳ್ಳಿಹಾಕಲಾರರು. ಆದರೆ ಗುರಾಣಿಯನ್ನು ದುಡ್ಡು ಕೊಟ್ಟು ಕೊಳ್ಳಬಹುದಾದಾಗ ಅದು ಯಾರ ಕೈಯಲ್ಲಿ ದೊಡ್ಡದಾಗುತ್ತದೆ? ಪ್ರಕಟಣಾ ಶುಲ್ಕಕ್ಕೆ ಸಾವಿರಗಳು ಬೇಕು. ಒಳ್ಳೆಯ ಜರ್ನಲ್‌ಗೆ ಇಂಗ್ಲಿಷ್ ಬೇಕು. ಕಂಪ್ಯೂಟರ್ ವಿಷನ್ ಆದರೆ ಲಕ್ಷಗಟ್ಟಲೆಯ ಯಂತ್ರಗಳು, ವಿದೇಶದ ಸಮ್ಮೇಳನವಾದರೆ ವೀಸಾ, ವಿಮಾನ. ಎಂಟು ವಿದ್ಯಾರ್ಥಿಗಳ ಗೈಡ್ ಪ್ರತಿಯೊಬ್ಬರ ಎರಡು ಪೇಪರ್‌ನಲ್ಲಿ ಹೆಸರು ಸೇರಿಸಿಕೊಂಡರೆ ಒಂದು ಸಾಲೂ ಬರೆಯದೆ ಹದಿನಾರರ ಒಡೆಯ. ಫೆಲೋಶಿಪ್ ಹಣದಲ್ಲಿ ಶುಲ್ಕ ಕಟ್ಟಿದ ವಿದ್ಯಾರ್ಥಿಗೆ ಉಳಿಯುವುದು ಎರಡು. ಅಂಕಿಗೆ ಜಾತಿಯಿಲ್ಲ ಎನ್ನುವುದು ನಿಜವೇ ಇರಬಹುದು, ಅಂಕಿ ಗಳಿಸುವ ದಾರಿಗಂತೂ ಇದೆ. ಸಂದರ್ಶನ ಕೋಣೆಯ ಅನ್ಯಾಯಕ್ಕೆ ಮದ್ದು ಬಾಗಿಲು ತೆರೆಯುವುದು. ನಾವು ಬಾಗಿಲು ಹಾಗೇ ಬಿಟ್ಟು ಹೊರಗೆ ತಕ್ಕಡಿ ಇಟ್ಟಿದ್ದೇವೆ.

ಹಾಗಾದರೆ ಮಾಡುವುದೇನು? ಜರ್ಮನಿಯ ಸಂಶೋಧನಾ ನಿಧಿ ಡಿಎಫ್‌ಜಿ 2010ರಲ್ಲೇ ಒಂದು ಸರಳ ನಿಯಮ ತಂದಿತು: ಅರ್ಜಿದಾರರು ತಮ್ಮ ಪರಿಚಯದಲ್ಲಿ ಐದಕ್ಕಿಂತ ಹೆಚ್ಚು ಪ್ರಕಟಣೆ ತೋರಿಸುವಂತಿಲ್ಲ. ನಾವು ಮೂರಕ್ಕೆ ಇಳಿಸೋಣ. ಅಭ್ಯರ್ಥಿ ತನ್ನ ಅತ್ಯುತ್ತಮವೆಂದು ನಂಬುವ ಮೂರು ಕೆಲಸಗಳನ್ನು ಕೊಡಲಿ. ಅದು ಲೇಖನವಾಗಿರಲಿ, ಅನುವಾದವಾಗಿರಲಿ, ಸಂಪಾದಿತ ಪಠ್ಯವಾಗಿರಲಿ, ಹೊಲದಿಂದ ತಂದ ಎಲೆಚಿತ್ರಗಳ ಸಂಗ್ರಹವಾಗಿರಲಿ, ಎಲ್ಲರೂ ಬಳಸಬಹುದಾದ ಕೋಡ್ ಆಗಿರಲಿ, 'ಇದು ಫಲ ಕೊಡಲಿಲ್ಲ' ಎಂಬ ಪ್ರಾಮಾಣಿಕ ವರದಿಯಾಗಿರಲಿ. ಸಮಿತಿಯ ಪ್ರತಿ ಸದಸ್ಯರೂ ಅವನ್ನು ಓದಿ, ಏನಿದೆ, ಏನಿಲ್ಲ ಎಂದು ತಮ್ಮ ಮಾತಿನಲ್ಲಿ ಒಂದು ಪುಟ ಬರೆದು ಸಹಿ ಹಾಕಲಿ. ಆ ಪುಟ ಎಲ್ಲ ಅಭ್ಯರ್ಥಿಗಳಿಗೂ ಸಿಗಲಿ. ವಶೀಲಿ ಮಾಡುವವರು ಅಂಕ ಕೊಡಲು ಹೆದರುವುದಿಲ್ಲ. ಓದದ ಪುಸ್ತಕದ ಬಗ್ಗೆ ಸಹಿ ಹಾಕಿ ಬರೆಯಲು ಹೆದರುತ್ತಾರೆ.

ಗಾಳಿ ಸ್ವಲ್ಪ ತಿರುಗುತ್ತಿರುವುದೂ ನಿಜ. ಪಿಎಚ್‌ಡಿ ಥೀಸಿಸ್ ಕೊಡುವ ಮೊದಲು ಪೇಪರ್ ಪ್ರಕಟಿಸಲೇಬೇಕೆಂಬ ಕಡ್ಡಾಯವನ್ನು ಯುಜಿಸಿ 2022ರಲ್ಲಿ ಕೈಬಿಟ್ಟಿತು, ಕೆಲವೆಡೆ ಅದು ಬೇರೆ ಬೇರೆ ರೂಪದಲ್ಲಿ ಉಳಿದಿದ್ದರೂ. 2025ರ ಜನವರಿಯ ಕರಡು ನಿಯಮಗಳಲ್ಲಿ ಅಂಕಗಳ ಮೊತ್ತದ ಬದಲು 'ಗಮನಾರ್ಹ ಕೊಡುಗೆ'ಗಳನ್ನು ನೋಡುವ ಮಾತು ಬಂತು. ಒಳ್ಳೆಯ ಮಾತು. ಆದರೆ ಗಮನ ಹರಿಸುವವರು ಯಾರು, ಓದಿ ಹರಿಸುತ್ತಾರೋ ಓದದೆಯೋ ಎಂಬುದು ಇತ್ಯರ್ಥವಾಗದೆ ಹೋದರೆ ಕೋಷ್ಟಕ ಹೋಗಿ ಕೃಪೆ ಬರುತ್ತದೆ, ಅಷ್ಟೇ. ಹೆದರಿದವರ ಹೆದರಿಕೆ ಆಗ ನಿಜವಾಗುತ್ತದೆ.

ಸಮಿತಿಗಳು ಬದಲಾಗುವವರೆಗೆ ವಿದ್ಯಾರ್ಥಿಗಳು ಕಾಯಬೇಕಿಲ್ಲ. ಗೈಡ್ ಆರಿಸಿಕೊಳ್ಳುವ ಮೊದಲು ಅವರ ಪಟ್ಟಿಯ ಉದ್ದ ನೋಡಬೇಡಿ. ಅದರಲ್ಲೊಂದನ್ನು ಪೂರ್ತಿ ಓದಿ. ವೇದಿಕೆಯ ಮೇಲೆ 'ಇನ್ನೂರು ಸಂಶೋಧನಾ ಲೇಖನಗಳನ್ನು ಪ್ರಕಟಿಸಿರುವ' ವಿದ್ವಾಂಸರ ಪರಿಚಯ ಮುಗಿದು ಪ್ರಶ್ನೆಗೆ ಸಮಯ ಸಿಕ್ಕಾಗ ಎದ್ದು ನಿಂತು ವಿನಯದಿಂದಲೇ ಕೇಳಿ: 'ಸರ್, ಇನ್ನೂರರಲ್ಲಿ ನಾವು ಓದಲೇಬೇಕಾದ್ದು ಯಾವುದು? ಅದರಲ್ಲಿ ಏನಿದೆ?' ಉತ್ತರ ಬಂದರೆ ಅಂದು ನಿಮಗೊಂದು ಮುತ್ತು ಸಿಕ್ಕಿತು. ಬಾರದಿದ್ದರೆ ಇನ್ನೂರರ ಲೆಕ್ಕ ಎಲ್ಲರ ಎದುರೇ ಚುಕ್ತಾ ಆಯಿತು.